ಆಯಿಲ್ ತಿನ್ನುವ ಲಾರಿ: ಬೋರ್ ಬಿಚ್ಚುವ ಮೊದಲು ನೋಡಬೇಕಾದದ್ದು

ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಮುಧೋಳ, ಜಮಖಂಡಿ, ಅಥಣಿ ಕಡೆಯ ಗ್ಯಾರೇಜುಗಳಲ್ಲಿ ಈ ಮಾತು ಸಾಮಾನ್ಯ. “ಮಿಸ್ತ್ರಿ, ಗಾಡಿ ಭಾಳ ಹೊಗಿ ಒಗಿಯಾಕತ್ತೈತಿ ನೋಡ್ರಿ. ಆಯಿಲ್ ಸೈತ ತಿನ್ನಾಕತ್ತೈತಿ.” ಉತ್ತರವೂ ಸಿದ್ಧವಾಗಿರುತ್ತದೆ. “ಬೋರ್ ಹೋಗ್ಯಾವ್ರಿ ಸಾವ್ಕಾರ್ರ. ಬಿಚ್ಚೂದ ಪಾಡ.”

ಒಮ್ಮೊಮ್ಮೆ ಬೋರ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ, ನಿಜವಾಗಿಯೂ ಹೋಗಿರುತ್ತದೆ. ಆದರೆ ಬೋರ್, ಪಿಸ್ಟನ್, ಅದರ ಸುತ್ತಲಿನ ರಿಂಗ್ ಎಲ್ಲ ಹೊಸದು ಹಾಕಿಸಿದ ಮೇಲೂ ಅದೇ ಹೊಗೆ ಬಿಡುವ ಗಾಡಿಗಳು ಕಡಿಮೆಯೇನಿಲ್ಲ. ಹೊಗೆಯ ಬಣ್ಣವನ್ನು ಎಲ್ಲರೂ ನೋಡುತ್ತಾರೆ. ಅದು ಯಾವ ಹೊತ್ತಿನಲ್ಲಿ ಬರುತ್ತದೆ ಎಂದು ಕೇಳುವವರು ಕಡಿಮೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೋ, ಲೋಡ್ ಹೇರಿ ಏರು ಹತ್ತುವಾಗಲೋ, ಕಾರ್ಖಾನೆ ಯಾರ್ಡಿನಲ್ಲಿ ತಾಸುಗಟ್ಟಲೆ ನಿಂತು ಹೊರಟಾಗಲೋ? ಇದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಇಲ್ಲಿ ಹೇಳುತ್ತಿರುವುದು ಹಳೇ ಗಾಡಿಗಳ ವಿಷಯ. ಸೆನ್ಸರ್ ಇಲ್ಲದ, ಮೆಕ್ಯಾನಿಕಲ್ ಡೀಸೆಲ್ ಪಂಪ್ ಇರುವ ಆರು ಸಿಲಿಂಡರ್ ಇಂಜಿನ್‌ಗಳು. ಟಾಟಾದ 697, ಕಮ್ಮಿನ್ಸ್‌ನ 5.9 ಲೀಟರಿನ 6ಬಿಟಿ ಇಂಥವು. ಕಾಮನ್ ರೈಲ್ (ಎಲ್ಲ ಸಿಲಿಂಡರಿಗೂ ಒಂದೇ ಪೈಪಿನಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುವ ವ್ಯವಸ್ಥೆ) ಇರುವ ಹೊಸ ಗಾಡಿಗೆ ಕೆಳಗಿನ ಕೆಲವು ಪರೀಕ್ಷೆಗಳನ್ನು ಮಾಡಲೇಬಾರದು. ಅದನ್ನು ಆಯಾ ಜಾಗದಲ್ಲೇ ಹೇಳುತ್ತೇನೆ.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಮೇಲೇರುವಾಗ ಸಿಲಿಂಡರಿನ ಗಾಳಿಯನ್ನು ಸುಮಾರು ಹದಿನೇಳು ಪಟ್ಟು ಒತ್ತುತ್ತದೆ. ಆ ಒತ್ತಡಕ್ಕೇ ಗಾಳಿ 500 ಡಿಗ್ರಿ ದಾಟುತ್ತದೆ. ಆಗ ನಾಝಲ್ ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸುತ್ತದೆ, ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಗಾಳಿ ಕಡಿಮೆಯಾದರೆ, ಇಲ್ಲವೇ ಡೀಸೆಲ್ ಜಾಸ್ತಿಯಾದರೆ, ಪೂರ್ತಿ ಉರಿಯದ ಇಂಗಾಲ ಕಪ್ಪು ಹೊಗೆಯಾಗಿ ಬರುತ್ತದೆ. ಬಿಸಿ ಸಾಲದೆ ಡೀಸೆಲ್ ಹೊತ್ತಿಕೊಳ್ಳದೇ ಹೊರಬಂದರೆ ಬಿಳಿ ಹೊಗೆ. ಡೀಸೆಲ್ ಜೊತೆ ಇಂಜಿನ್ ಆಯಿಲ್ಲೂ ಸುಟ್ಟರೆ ನೀಲಿ.

ಕಪ್ಪು ಹೊಗೆಗೆ ಮೊದಲು ನೋಡಬೇಕಾದದ್ದು ಏರ್ ಫಿಲ್ಟರ್. ಇಳಕಲ್ ಗ್ರಾನೈಟ್ ಕ್ವಾರಿ, ಲೋಕಾಪುರದ ಸುಣ್ಣದಕಲ್ಲು, ಕಬ್ಬಿನ ಹೊಲದ ದಾರಿಯ ಎರೆಮಣ್ಣಿನ ಧೂಳು, ಎಲ್ಲವೂ ಸೇರುವುದು ಅಲ್ಲಿಗೇ. ಆಮೇಲೆ ಗಾಳಿಯನ್ನು ಒತ್ತಿ ತಳ್ಳುವ ಟರ್ಬೋದಿಂದ ಇಂಜಿನ್ನಿಗೆ ಹೋಗುವ ಹೋಸ್ ಪೈಪುಗಳು. ಕ್ಲಿಪ್ ಸಡಿಲವಾಗಿದ್ದರೂ ಸಾಕು, ಲೋಡಿನಲ್ಲಿ ಗಾಳಿ ಸೋರುತ್ತದೆ. ಸೋರುವ ಕಡೆ ಎಣ್ಣೆ ಮಿಶ್ರಿತ ಧೂಳಿನ ಗುರುತು ಕೂತಿರುತ್ತದೆ, ಕಿವಿಗೊಟ್ಟರೆ ಸುಯ್ ಶಬ್ದವೂ ಕೇಳುತ್ತದೆ. ಹೊಗೆ ದಾರಿ ಮುಚ್ಚಿ ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕಿನ ತಟ್ಟೆ ಅರ್ಧ ಮುಚ್ಚಿ ಸಿಕ್ಕಿಹಾಕಿಕೊಂಡಿದ್ದರೂ ಕಪ್ಪು ಹೊಗೆ ಬರುತ್ತದೆ. ಟ್ಯಾಪೆಟ್ (ವಾಲ್ವುಗಳ ಸಂದು) ಹೊಂದಿಸದೇ ವರ್ಷ ಕಳೆದಿದ್ದರೂ ಅಷ್ಟೇ.

ನಮ್ಮ ಕಡೆ ಇನ್ನೊಂದು ಕಾರಣ ಉಂಟು. ಎಳೆತ ಸಾಲದು ಎಂದು ಪಂಪಿನ ಸೀಲ್ ಒಡೆದು ಡೀಸೆಲ್ ಜಾಸ್ತಿ ಮಾಡಿಸುತ್ತಾರೆ. ಪಂಪ್ ಹೆಚ್ಚಿಸಿದಷ್ಟು ಡೀಸೆಲ್ ಹೋಗುತ್ತದೆ, ಗಾಳಿ ಮಾತ್ರ ಮೊದಲಿನಷ್ಟೇ. ಗಾಡಿ ಸ್ವಲ್ಪ ಎಳೆದಂತೆ ಅನ್ನಿಸುತ್ತದೆ ನಿಜ. ಆದರೆ ಪಿಸ್ಟನ್ ತಲೆ ಸುಡುತ್ತದೆ. ಉಳಿದ ಡೀಸೆಲ್ ಬೋರಿನ ಗೋಡೆಯ ಆಯಿಲ್ ಪದರವನ್ನು ತೊಳೆದುಬಿಡುತ್ತದೆ, ರಿಂಗ್ ಸವೆಯುತ್ತದೆ. ಇವತ್ತಿನ ಕಪ್ಪು ಹೊಗೆ ಎರಡು ಹಂಗಾಮು ಕಳೆದ ಮೇಲೆ ನೀಲಿ ಹೊಗೆಯಾಗುವುದು ಹೀಗೆ. ಈ ಕೆಲಸವನ್ನು ನಾನಂತೂ ಯಾರಿಗೂ ಮಾಡಿಸಿ ಎನ್ನುವುದಿಲ್ಲ.

ಬಿಳಿ ಹೊಗೆಗೆ ಅಷ್ಟು ಹೆದರಬೇಕಿಲ್ಲ. ಡಿಸೆಂಬರಿನ ಬೆಳಿಗ್ಗೆ ಬೆಳಗಾವಿಯಲ್ಲಿ ಸ್ಟಾರ್ಟ್ ಮಾಡಿದ ಹಳೇ ಗಾಡಿ ಸ್ವಲ್ಪ ಹೊತ್ತು ಬಿಳಿ ಬಿಡುವುದು ಸಹಜ. ಇಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಮಾತ್ರ ಮುಂದೆ ನೋಡಬೇಕು. ವಾಸನೆ ತೆಗೆದುಕೊಳ್ಳಿ. ಹಸಿ ಡೀಸೆಲ್ ವಾಸನೆ ಇದ್ದು ಕಣ್ಣು ಉರಿದರೆ ಅದು ಹೊತ್ತಿಕೊಳ್ಳದ ಡೀಸೆಲ್. ನಾಝಲ್ ಹನಿಸುತ್ತಿರಬಹುದು, ಪಂಪ್ ಟೈಮಿಂಗ್ ತಡವಾಗಿರಬಹುದು, ಯಾವುದೋ ಒಂದು ಸಿಲಿಂಡರಿನ ಕಂಪ್ರೆಷನ್ ಬಿದ್ದಿರಬಹುದು. ಸೈಲೆನ್ಸರಿನಿಂದ ಹೊರಬಂದು ನಾಲ್ಕು ಹೆಜ್ಜೆಯಲ್ಲೇ ಕರಗಿಹೋದರೆ ಅದು ನೀರಿನ ಆವಿ. ರೇಡಿಯೇಟರ್ ನೀರು ಪದೇ ಪದೇ ಕಡಿಮೆಯಾಗುತ್ತಿದ್ದು, ಇಂಜಿನ್ ಓಡುವಾಗ ಅದರಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಪ್ಯಾಕಿಂಗ್ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಗ್ಯಾಸ್ಕೆಟ್) ಕಡೆ ಅನುಮಾನ ಹೋಗಬೇಕು. ಗುಳ್ಳೆ ನೋಡಲು ಇಂಜಿನ್ ತಣ್ಣಗಿರುವಾಗಲೇ ಕ್ಯಾಪ್ ತೆಗೆದು ಆಮೇಲೆ ಸ್ಟಾರ್ಟ್ ಮಾಡಿ. ಬಿಸಿ ರೇಡಿಯೇಟರಿನ ಕ್ಯಾಪ್ ತೆಗೆದು ಮುಖ ಸುಟ್ಟುಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ.

ಯಾವ ಸಿಲಿಂಡರ್ ಎಂದು ಹಿಡಿಯಲು ಹಳೇ ಮಿಸ್ತ್ರಿಗಳ ಒಂದು ಪರೀಕ್ಷೆ ಇದೆ. ಇಂಜಿನ್ ಸ್ಲೋದಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ, ಓಡುತ್ತಿರುವಾಗ ಒಂದೊಂದೇ ನಾಝಲಿನ ಪೈಪ್ ನಟ್ಟನ್ನು ಸ್ವಲ್ಪ ಸಡಿಲ ಮಾಡುತ್ತಾರೆ. ಆ ಸಿಲಿಂಡರಿಗೆ ಡೀಸೆಲ್ ನಿಲ್ಲುತ್ತದೆ. ಇಂಜಿನ್ ತಕ್ಷಣ ಕುಗ್ಗಿದರೆ ಆ ಸಿಲಿಂಡರ್ ಚೆನ್ನಾಗಿ ಕೆಲಸ ಮಾಡುತ್ತಿತ್ತು ಎಂದರ್ಥ. ಏನೂ ವ್ಯತ್ಯಾಸ ಕಾಣದಿದ್ದರೆ ಅದು ಮೊದಲೇ ಸತ್ತಂತಿತ್ತು. ನಟ್ ಸಡಿಲಿಸಿದ ಕೂಡಲೇ ಹೊಗೆ ನಿಂತರೆ ಕಳ್ಳ ಸಿಕ್ಕ ಹಾಗೆ. ಆ ನಾಝಲನ್ನು ಪಂಪ್ ಸರ್ವಿಸಿನವರ ಹತ್ತಿರ ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಿ. ಸಿಂಪಡಿಕೆ ಸಮನಾಗಿರಬೇಕು, ತುದಿಯಲ್ಲಿ ಹನಿ ನಿಲ್ಲಬಾರದು. ಈ ಹಳೇ ನಾಝಲುಗಳೂ ಸುಮಾರು 200 ಬಾರ್ ಒತ್ತಡದಲ್ಲಿ ತೆರೆಯುವಂಥವು. ಚಿಮ್ಮುವ ಡೀಸೆಲ್ ಚರ್ಮದೊಳಗೇ ಹೊಕ್ಕುಬಿಡಬಹುದು, ಹಾಗಾಗಿ ಕೈ ದೂರ ಇರಲಿ, ನಟ್ಟಿನ ಮೇಲೆ ಬಟ್ಟೆ ಇರಲಿ. ಕಾಮನ್ ರೈಲ್ ಗಾಡಿಯಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಅಲ್ಲಿ ಈ ಪರೀಕ್ಷೆಯ ಯೋಚನೆಯೂ ಬೇಡ.

ಇನ್ನು ನೀಲಿ. ಹೊಗೆ ನೋಡಿ ಆಯಿಲ್ ಎಷ್ಟು ಹೋಗುತ್ತಿದೆ ಎಂದು ಅಂದಾಜು ಕಟ್ಟುವುದಕ್ಕಿಂತ ಮೊದಲು ಅಳೆಯಿರಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ ಹತ್ತು ಹದಿನೈದು ನಿಮಿಷ ಬಿಟ್ಟು, ಗೇಜಿನ ಮೇಲಿನ ಗೆರೆಯವರೆಗೆ ಆಯಿಲ್ ತುಂಬಿ. ಕಿಲೋಮೀಟರ್ ಬರೆದಿಡಿ. ಸಾವಿರ ಕಿಲೋಮೀಟರ್ ಓಡಿದ ಮೇಲೆ ಅದೇ ಜಾಗದಲ್ಲಿ, ಅದೇ ರೀತಿ ನಿಲ್ಲಿಸಿ, ಎಷ್ಟು ಲೀಟರ್ ಹಾಕಬೇಕಾಯಿತು ನೋಡಿ. ಭಾರಿ ಡೀಸೆಲ್ ಇಂಜಿನ್ನಿಗೆ ಆಯಿಲ್ ಖರ್ಚನ್ನು ಡೀಸೆಲ್ ಖರ್ಚಿನ ಜೊತೆ ಹೋಲಿಸುವುದು ರೂಢಿ. ನೂರು ಲೀಟರ್ ಡೀಸೆಲ್ಲಿಗೆ ಅರ್ಧ ಲೀಟರ್ ಆಯಿಲ್ ದಾಟುತ್ತಿದ್ದರೆ ಇಂಜಿನ್ ಕಡೆ ಗಮನ ಕೊಡುವ ಕಾಲ ಬಂತು ಎನ್ನುವುದು ಒಂದು ಒರಟು ಲೆಕ್ಕ. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುವ ಗಾಡಿ ಸಾವಿರ ಕಿಲೋಮೀಟರಿಗೆ 250 ಲೀಟರ್ ಕುಡಿಯುತ್ತದೆ. ಅಂದರೆ ಒಂದೂಕಾಲು ಲೀಟರ್ ಆಯಿಲ್ ಹೋದರೂ ಹಳೇ ಇಂಜಿನ್ನಿಗೆ ಅದೇನು ಮಹಾ ರೋಗವಲ್ಲ. ಆಯಿಲ್ ಕಪ್ಪಾಗಿದೆ ಎನ್ನುವುದೂ ರೋಗವಲ್ಲ. ಡೀಸೆಲ್ ಇಂಜಿನ್ನಿನ ಆಯಿಲ್ ಬದಲಿಸಿದ ಕೆಲವೇ ದಿನದಲ್ಲಿ ಕಪ್ಪಾಗುತ್ತದೆ, ಕಾಡಿಗೆಯನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ.

ಆಯಿಲ್ ಕಡಿಮೆಯಾಗುತ್ತಿದೆ, ಆದರೆ ಹೊಗೆ ಅಷ್ಟೇನೂ ಇಲ್ಲ. ಹೀಗಿದ್ದಾಗ ಅದು ಸುಡದೆ ಬೇರೆ ಕಡೆ ಹೋಗುತ್ತಿರಬಹುದು. ಕ್ರ್ಯಾಂಕ್ ಸೀಲ್, ಚೇಂಬರ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಪ್ಯಾಕಿಂಗ್ ಸೋರಿಕೆ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ ಜಾಗ ಒಂದಿದೆ, ಬ್ರೇಕಿನ ಏರ್ ಕಂಪ್ರೆಸರ್. ಅದಕ್ಕೂ ಇಂಜಿನ್ ಆಯಿಲ್ಲೇ ಹೋಗುತ್ತದೆ. ಅದರ ರಿಂಗ್ ಸವೆದರೆ ಆಯಿಲ್ ಗಾಳಿಯ ಜೊತೆ ಏರ್ ಟ್ಯಾಂಕಿಗೆ ಸೇರುತ್ತದೆ. ಟ್ಯಾಂಕಿನ ಕೆಳಗಿನ ಡ್ರೈನ್ ಕಾಕ್ ತಿರುಗಿಸಿ ನೋಡಿ. ಸ್ವಲ್ಪ ನೀರು, ಎಣ್ಣೆಯ ಅಂಶ ಬಂದರೆ ಸಹಜ. ಧಾರಾಳವಾಗಿ ಆಯಿಲ್ ಬಂದರೆ ನಿಮ್ಮ ಆಯಿಲ್ ಕಳ್ಳ ಅಲ್ಲೇ ಇದ್ದಾನೆ. ಇದು ಬ್ರೇಕ್ ವಾಲ್ವುಗಳ ರಬ್ಬರನ್ನೂ ಹಾಳು ಮಾಡುತ್ತದೆ, ಮುಂದೂಡುವ ಕೆಲಸವಲ್ಲ. ಇಂಥ ಗಾಡಿಗೆ ಬೋರ್ ಮಾಡಿಸಿ ಏನು ಪ್ರಯೋಜನ?

ಇದರ ಉಲ್ಟಾ ಪ್ರಕರಣವೂ ಉಂಟು, ಗೇಜಿನಲ್ಲಿ ಆಯಿಲ್ ಏರುತ್ತಾ ಹೋಗುವುದು. ಕೆಲವರು ಇದನ್ನು ಕಂಡು ಖುಷಿಪಡುತ್ತಾರೆ! ಡೀಸೆಲ್ಲೋ ನೀರೋ ಚೇಂಬರಿಗೆ ಸೇರುತ್ತಿದೆ ಎಂಬುದಕ್ಕೆ ಇದು ಗುರುತು. ಗೇಜಿನ ತುದಿಯ ಹನಿಯನ್ನು ಬೆರಳಲ್ಲಿ ಉಜ್ಜಿ ಮೂಸಿ. ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ ಫೀಡ್ ಪಂಪ್, ಡೀಸೆಲ್ ಪಂಪಿನ ಸೀಲ್, ಹನಿಸುವ ನಾಝಲ್ ನೋಡಬೇಕು. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ನೀರು ಸೇರಿದೆ, ಗಾಡಿ ಓಡಿಸಲೇಬೇಡಿ. ಮಟ್ಟ ಗೆರೆ ದಾಟಿದಾಗ ಕ್ರ್ಯಾಂಕ್ ಆಯಿಲ್ಲನ್ನು ಕಡೆದು ಬೋರಿಗೆ ಜಾಸ್ತಿ ಎರಚುತ್ತದೆ. ಆಗ ನೀಲಿ ಹೊಗೆ ಬರುತ್ತದೆ, ರಿಂಗಿನ ತಪ್ಪು ಏನೂ ಇರುವುದಿಲ್ಲ. “ಇರಲಿ ಒಂದು ಲೀಟರ್ ಜಾಸ್ತಿ” ಎಂದು ಸುರಿಯುವ ಡ್ರೈವರುಗಳ ಗಾಡಿಯಲ್ಲೂ ಇದೇ ಕತೆ.

ಹಳೇ ಗಾಡಿಗಳಲ್ಲಿ ಆಯಿಲ್ ಬಾತ್ ಏರ್ ಕ್ಲೀನರ್ ಇದ್ದರೆ ಅದನ್ನೂ ಮರೆಯಬೇಡಿ. ಕೆಳಗಿನ ಬಟ್ಟಲಿಗೆ ಗೆರೆ ದಾಟಿ ಆಯಿಲ್ ಹಾಕಿದರೆ ಇಂಜಿನ್ ಅದನ್ನು ಗಾಳಿಯ ಜೊತೆ ಎಳೆದುಕೊಂಡು ಸುಡುತ್ತದೆ. ಸರ್ವಿಸ್ ಆದ ಮರುದಿನವೇ ನೀಲಿ ಹೊಗೆ ಶುರುವಾಗಿದ್ದರೆ ನಾನು ಮೊದಲು ತೆರೆಯುವುದು ಈ ಬಟ್ಟಲನ್ನು.

ಇವೆಲ್ಲ ಸರಿ ಇದ್ದು, ನೀಲಿ ಮಾತ್ರ ನಿಂತಿಲ್ಲ ಎಂದಾದರೆ ಹೊಗೆ ಬರುವ ಹೊತ್ತಿನ ಲೆಕ್ಕಕ್ಕೆ ಬರೋಣ.

ರಾತ್ರಿ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ದೊಡ್ಡ ನೀಲಿ ಮೋಡ ಬಿಟ್ಟು ಆಮೇಲೆ ಸರಿಯಾದರೆ, ಮೇಲಿನಿಂದ ವಾಲ್ವ್ ಗೈಡ್ (ಹೆಡ್ಡಿನಲ್ಲಿ ವಾಲ್ವ್ ಕಾಂಡ ಆಡುವ ಕೊಳವೆ) ಮೂಲಕ ಆಯಿಲ್ ಇಳಿದು ಕೂತಿರುವ ಸಾಧ್ಯತೆ ಜಾಸ್ತಿ. ಇದು ಹೆಡ್ ಕೆಲಸ. ಬೋರಿಗೆ ಕೈ ಹಾಕಬೇಕಾಗಿಲ್ಲ. ವಂಟಮುರಿ ಘಾಟಿನಲ್ಲಿ ಲೋಡ್ ಎಳೆಯುವಾಗ ಹಿಂದೆ ಉದ್ದಕ್ಕೂ ನೀಲಿ ಬಂದು, ಸಪಾಟು ರಸ್ತೆಯಲ್ಲಿ ಕಡಿಮೆಯಾದರೆ ರಿಂಗ್ ಮತ್ತು ಬೋರಿನ ಮೇಲೆ ಅನುಮಾನ. ಅದರ ಜೊತೆ ಎಳೆತವೂ ಕುಗ್ಗಿ, ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಿದರೆ ಅನುಮಾನ ಗಟ್ಟಿಯಾಗುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು ಮತ್ತೆ ಒತ್ತಿದಾಗ ನೀಲಿ ಬಂದರೆ ವಾಲ್ವ್ ಸೀಲೇ ಎಂದು ಹೇಳುವ ವಾಡಿಕೆ ಇದೆ. ಅದು ಪೆಟ್ರೋಲ್ ಗಾಡಿಯಿಂದ ಬಂದ ಪಾಠ. ಪೆಟ್ರೋಲ್ ಇಂಜಿನ್ನಿನ ಗಾಳಿ ದಾರಿಯಲ್ಲಿ ಥ್ರಾಟಲ್ ತಟ್ಟೆ ಇರುತ್ತದೆ. ಅದು ಮುಚ್ಚಿದಾಗ ಒಳಗೆ ಜೋರಾದ ಎಳೆತ ಉಂಟಾಗಿ ಗೈಡಿನಿಂದ ಆಯಿಲ್ ಹೀರುತ್ತದೆ. ಹಳೇ ಡೀಸೆಲ್ಲಿನಲ್ಲಿ ಆ ತಟ್ಟೆ ಇಲ್ಲ, ಆ ಎಳೆತವೂ ಅಷ್ಟಿಲ್ಲ. ಹಾಗಾಗಿ ಇಳಿಜಾರಿನ ಹೊಗೆಯೊಂದನ್ನೇ ಹಿಡಿದು ಹೆಡ್ ಇಳಿಸಬೇಡಿ.

ಯಾರ್ಡಿನಲ್ಲಿ ಪಾಳಿ ಕಾಯುತ್ತಾ ಇಂಜಿನ್ ಬಂದ್ ಮಾಡದೆ ನಿಂತ ಗಾಡಿಯ ವಿಷಯವೇ ಬೇರೆ. ಸ್ಲೋದಲ್ಲಿ ಇಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಅರ್ಧ ಉರಿದ ಡೀಸೆಲ್, ಆಯಿಲ್ ಎರಡೂ ಸೈಲೆನ್ಸರಿನಲ್ಲಿ ಜಮೆಯಾಗುತ್ತವೆ. ಹೊರಡುವಾಗ ಅದೆಲ್ಲ ಒಮ್ಮೆಲೇ ಸುಟ್ಟು ಹೊಗೆ ಎದ್ದರೆ ಇಂಜಿನ್ ಹೋಯಿತು ಎನ್ನಬೇಕಿಲ್ಲ. ಆದರೆ ಹಂಗಾಮೆಲ್ಲ ಹೀಗೇ ನಡೆದರೆ ರಿಂಗ್ ಕೂರುವ ಪಿಸ್ಟನ್ನಿನ ತೋಡಿನಲ್ಲಿ ಕಾರ್ಬನ್ ಕಟ್ಟಿ ರಿಂಗ್ ಅಂಟಿಕೊಳ್ಳುತ್ತದೆ. ಆಗ ನಿಜವಾದ ರೋಗ ಶುರು.

ಟರ್ಬೋಗೆ ಆಗುವ ಅನ್ಯಾಯದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಟರ್ಬೋದಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೆ ಹೋಗುವ ಪೈಪ್ ಬಿಚ್ಚಿದಾಗ ಆಯಿಲ್ ಕಂಡರೆ “ಟರ್ಬೋ ಹೋಗಿದೆ” ಎಂದು ಹೊಸದು ಕೂರಿಸುತ್ತಾರೆ. ತಿಂಗಳೊಳಗೆ ಅದೂ ಸೋರುತ್ತದೆ. ಯಾಕೆ? ಟರ್ಬೋದ ಸೀಲ್ ನಾವು ತಿಳಿದಿರುವ ರಬ್ಬರ್ ಸೀಲಿನಂತಲ್ಲ. ಅದು ಸಣ್ಣ ರಿಂಗ್. ಎರಡು ಬದಿಯ ಗಾಳಿಯ ಒತ್ತಡ ಸರಿಯಿದ್ದಾಗ ಮಾತ್ರ ಆಯಿಲ್ಲನ್ನು ತಡೆಯುತ್ತದೆ. ಬೇರಿಂಗಿಗೆ ಬಂದ ಆಯಿಲ್ ತನ್ನ ಭಾರಕ್ಕೆ ತಾನೇ ಕೆಳಗಿನ ಡ್ರೈನ್ ಪೈಪಿನಲ್ಲಿ ಚೇಂಬರಿಗೆ ಇಳಿಯಬೇಕು. ಆ ಪೈಪ್ ಕಟ್ಟಿಕೊಂಡರೆ, ಸೊಟ್ಟಗಾದರೆ, ಇಲ್ಲವೇ ಚೇಂಬರಿನೊಳಗೆ ಒತ್ತಡ ಜಾಸ್ತಿಯಾದರೆ ಆಯಿಲ್ ಇಳಿಯುವುದಿಲ್ಲ. ಇಳಿಯಲಾಗದ್ದು ಸೀಲ್ ದಾಟಿ ಹೊರಬರುತ್ತದೆ. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಇನ್ನೊಂದು ಕಡೆಯಿಂದ ಎಳೆತ ಹುಟ್ಟಿ ಆಯಿಲ್ಲನ್ನು ಹೀರುತ್ತದೆ. ಈ ಮೂರನ್ನು ಸರಿ ಮಾಡದೆ ಟರ್ಬೋ ಬದಲಿಸುವುದು ಸುಮ್ನೆ ದುಡ್ಡು ಚೆಲ್ಲಿದಂತೆ.

ಟರ್ಬೋ ನಿಜವಾಗಿ ಹೋಗಿದೆಯೇ ಎಂದು ನೋಡಲು, ತಣ್ಣಗಾದ ಮೇಲೆ ಶಾಫ್ಟನ್ನು ಕೈಯಲ್ಲಿ ಅಲ್ಲಾಡಿಸಿ. ಅಡ್ಡಕ್ಕೆ ತುಸು ಆಟ ಇರುತ್ತದೆ, ಅದು ತಪ್ಪಲ್ಲ. ಹಿಂದಕ್ಕೂ ಮುಂದಕ್ಕೂ ಆಡಿದರೆ, ಫ್ಯಾನಿನ ರೆಕ್ಕೆ ಗೋಡೆಗೆ ತಾಗಿದ ಗೆರೆ ಕಂಡರೆ ಅದರ ಆಯುಷ್ಯ ಮುಗಿದಿದೆ.

ಚೇಂಬರಿನ ಒತ್ತಡ ನೋಡುವುದು ಸುಲಭ. ಮಿಸ್ತ್ರಿಗಳು ಇದಕ್ಕೆ ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಬಿಸಿ ಇಂಜಿನ್ ಸ್ಲೋದಲ್ಲಿರುವಾಗ ಆಯಿಲ್ ಹಾಕುವ ಕ್ಯಾಪ್ ತೆಗೆದು, ಬೋರಲಾಗಿ ಅದೇ ತೂತಿನ ಮೇಲೆ ಇಡಿ. ಸ್ವಲ್ಪ ನಡುಗಿದರೆ ಪರವಾಗಿಲ್ಲ. ಹಾರಿ ಬಿದ್ದರೆ, ತೂತಿನಿಂದ ಬುಸ್ ಬುಸ್ ಎಂದು ಹೊಗೆ ಒಂದೇ ಸಮ ಬಂದರೆ, ಉರಿದ ಗಾಳಿ ರಿಂಗ್ ದಾಟಿ ಕೆಳಗಿಳಿಯುತ್ತಿದೆ. ಅಷ್ಟಕ್ಕೇ ತೀರ್ಪು ಕೊಡಬೇಡಿ. ಚೇಂಬರಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ಮಣ್ಣು, ಜಿಡ್ಡಿನಿಂದ ಮುಚ್ಚಿಹೋಗಿದ್ದರೂ ಒತ್ತಡ ಏರುತ್ತದೆ. ಬ್ರೀದರ್ ತೊಳೆದು ಮತ್ತೆ ನೋಡಿ. ಎಷ್ಟೋ ಗಾಡಿಗಳ ಸೀಲ್ ಸೋರಿಕೆ, ಟರ್ಬೋ ಸೋರಿಕೆ ಎರಡೂ ಈ ತೊಳೆತಕ್ಕೇ ನಿಲ್ಲುತ್ತವೆ.

ಆಮೇಲೆ ಕಂಪ್ರೆಷನ್ ಪರೀಕ್ಷೆ. ಒಂದೊಂದೇ ನಾಝಲ್ ತೆಗೆದು ಆ ಜಾಗದಲ್ಲಿ ಗೇಜ್ ಕೂರಿಸಿ ಸೆಲ್ಫ್ (ಸ್ಟಾರ್ಟರ್) ಹೊಡೆಯುವುದು. ಬ್ಯಾಟರಿ ಗಟ್ಟಿ ಇರಬೇಕು, ಇಂಜಿನ್ ಬಿಸಿ ಇರಬೇಕು. ಎಷ್ಟು ಬಂತು ಎನ್ನುವುದಕ್ಕಿಂತ ಆರೂ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಆರೂ ಸಮನಾಗಿ ಇಳಿದಿದ್ದರೆ ಸವೆತ. ಒಂದು ಮಾತ್ರ ಬಿದ್ದಿದ್ದರೆ ಅಲ್ಲೇನೋ ಬೇರೆ ಕತೆ ಇದೆ. ರಿಂಗ್ ಮುರಿದಿರಬಹುದು, ವಾಲ್ವ್ ಸುಟ್ಟಿರಬಹುದು. ಕಡಿಮೆ ಬಂದ ಸಿಲಿಂಡರಿಗೆ ಆಯಿಲ್ ಸುರಿದು ಮತ್ತೆ ನೋಡುವ ಪೆಟ್ರೋಲ್ ಗಾಡಿಯ ಪದ್ಧತಿಯನ್ನು ಇಲ್ಲಿ ಮಾಡಬೇಡಿ. ಡೀಸೆಲ್ಲಿನಲ್ಲಿ ಪಿಸ್ಟನ್ ಮೇಲೆ ಉಳಿಯುವ ಜಾಗ ತೀರಾ ಕಡಿಮೆ, ಆಯಿಲ್ ಜಾಸ್ತಿಯಾದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದರ ಬದಲು ಪಿಸ್ಟನ್ನನ್ನು ಮೇಲಕ್ಕೆ ತಂದು, ಎರಡೂ ವಾಲ್ವ್ ಮುಚ್ಚಿರುವಾಗ ನಾಝಲ್ ತೂತಿನಿಂದ ಗಾಳಿ ಬಿಟ್ಟು ಕಿವಿಗೊಡಿ. ಆಯಿಲ್ ಕ್ಯಾಪಿನಲ್ಲಿ ಶಬ್ದ ಬಂದರೆ ರಿಂಗ್. ಏರ್ ಫಿಲ್ಟರ್ ಕಡೆ ಬಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರ್ ಕಡೆ ಬಂದರೆ ಎಕ್ಸಾಸ್ಟ್ ವಾಲ್ವ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಪ್ಯಾಕಿಂಗ್. ಕ್ರ್ಯಾಂಕ್ ತಿರುಗದಂತೆ ಹಿಡಿದಿಡುವುದನ್ನು ಮರೆಯಬಾರದು.

ಗಾಡಿ ಪಿಯುಸಿ, ಅಂದರೆ ಹೊಗೆ ತಪಾಸಣೆ, ಪಾಸಾಗಿದೆ ಎಂದು ನೆಮ್ಮದಿಯಿಂದ ಇರಬೇಡಿ. ಅಲ್ಲಿ ಗೇರ್ ಹಾಕದೆ ರೇಸ್ ಕೊಟ್ಟು ಹೊಗೆಯ ದಟ್ಟಣೆ ಅಳೆಯುತ್ತಾರೆ. ಬಿಎಸ್-4 (ಸರ್ಕಾರದ ಹೊಗೆ ಮಾನದಂಡ) ಗಿಂತ ಹಳೇ ಡೀಸೆಲ್ ಗಾಡಿಗೆ ಮಿತಿ 65 ಎಚ್‌ಎಸ್‌ಯು (ಹೊಗೆಯ ದಟ್ಟಣೆಯ ಅಳತೆ), ಬಿಎಸ್-4 ಗಾಡಿಗೆ 50. ಲೋಡಿನಲ್ಲಿ ಮಾತ್ರ ಬರುವ ಹೊಗೆ ಆ ಪರೀಕ್ಷೆಯಲ್ಲಿ ಕಾಣಿಸದೇ ಹೋಗಬಹುದು.

ನೀಲಿ ಜಾಸ್ತಿಯಾದ ಗಾಡಿಯನ್ನು ದಪ್ಪ ಆಯಿಲ್ ಹಾಕಿ ಒಂದು ಹಂಗಾಮು ತಳ್ಳುವವರಿದ್ದಾರೆ. ಕೈಯಲ್ಲಿ ದುಡ್ಡಿಲ್ಲದಾಗ ಅದನ್ನು ತಪ್ಪು ಎನ್ನಲಾರೆ. ಆದರೆ ಒಂದು ಅಪಾಯ ಗೊತ್ತಿರಲಿ. ಟರ್ಬೋದಿಂದ ಇಲ್ಲವೇ ಬ್ರೀದರಿನಿಂದ ಆಯಿಲ್ ಒಮ್ಮೆಲೇ ಗಾಳಿ ದಾರಿಗೆ ನುಗ್ಗಿದರೆ ಇಂಜಿನ್ ಡೀಸೆಲ್ ಬಿಟ್ಟು ಆಯಿಲ್ ಮೇಲೆಯೇ ಓಡಲು ಶುರು ಮಾಡುತ್ತದೆ. ರೇಸ್ ತಾನಾಗಿ ಏರುತ್ತದೆ. ಬಂದ್ ಮಾಡುವ ಕೇಬಲ್ ಎಳೆದರೂ ನಿಲ್ಲುವುದಿಲ್ಲ, ಯಾಕೆಂದರೆ ಅದು ನಿಲ್ಲಿಸುವುದು ಡೀಸೆಲ್ಲನ್ನು. ಆಗ ನಿಲ್ಲಿಸಬೇಕಾದದ್ದು ಗಾಳಿ. ಗಟ್ಟಿ ಹಲಗೆಯಿಂದ ಗಾಳಿ ಬಾಯಿ ಮುಚ್ಚಬೇಕು, ಇಲ್ಲವೇ ಅದರೊಳಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬಿಡಬೇಕು. ಕೈ, ಟವೆಲ್ ಒಡ್ಡಬೇಡಿ, ಎಳೆದುಕೊಳ್ಳುತ್ತದೆ. ಹತ್ತಿರ ಹೋಗಲು ಹೆದರಿಕೆಯಾದರೆ ದೂರ ಸರಿಯಿರಿ. ಇಂಜಿನ್ ಹೋದರೆ ಹೋಗಲಿ.

ಎಲ್ಲ ನೋಡಿದ ಮೇಲೂ ಬೋರೇ ಎಂದು ಖಚಿತವಾದರೆ ಕೆಲಸ ಮಾಡಿಸಿ. ಬರೀ ರಿಂಗ್ ಹಾಕಿ ಮುಗಿಸೋಣ ಎನ್ನುವವರಿಗೆ ಬೋರಿನ ಮೇಲ್ತುದಿಯಲ್ಲಿ ಉಗುರು ಆಡಿಸಿ ನೋಡಲು ಹೇಳಿ. ಉಗುರು ತಡೆಯುವಷ್ಟು ಅಂಚು ಕಟ್ಟಿದ್ದರೆ ಬೋರ್ ಸವೆದಿದೆ, ಹೊಸ ರಿಂಗ್ ಅಲ್ಲಿ ಬಾಳುವುದಿಲ್ಲ. ಸ್ಲೀವ್ (ಬ್ಲಾಕಿನೊಳಗೆ ಕೂರಿಸಿದ ಬೇರೆ ಕೊಳವೆ) ಇರುವ ಇಂಜಿನ್ನಿಗೆ ಸ್ಲೀವ್ ಬದಲಿಸುತ್ತಾರೆ. 6ಬಿಟಿಯಂಥ ಇಂಜಿನ್ನಿನಲ್ಲಿ ಸ್ಲೀವ್ ಇರುವುದಿಲ್ಲ, ಬ್ಲಾಕನ್ನೇ ಬೋರ್ ಮಾಡಿಸಬೇಕು. ಏರ್ ಫಿಲ್ಟರ್ ಆದ ಮೇಲಿನ ಪೈಪುಗಳನ್ನು ಒಂದೊಂದಾಗಿ ಒರೆಸಿ, ಒಳಗೆ ಧೂಳಿನ ಗೆರೆ ಇದೆಯೇ ನೋಡಿ. ಇದ್ದರೆ ಹಳೇ ಬೋರನ್ನು ತಿಂದದ್ದು ಅದೇ ತೂತು, ಹೊಸದನ್ನೂ ತಿನ್ನುತ್ತದೆ.

ಬೋರ್ ಆದ ಗಾಡಿಯನ್ನು ದಿನಗಟ್ಟಲೆ ಸ್ಲೋದಲ್ಲೇ ಓಡಿಸಿ ಪಳಗಿಸುವ ಪದ್ಧತಿ ನಮ್ಮಲ್ಲಿದೆ. ಅದು ಬೇಡ. ಹೋನಿಂಗ್ ಮಾಡಿದ (ಉಜ್ಜಿ ಸಣ್ಣ ಗೀರು ಹಾಕಿದ) ಗೋಡೆಯ ಮೇಲೆ ರಿಂಗ್ ಕೂರಬೇಕೆಂದರೆ ಹಿಂದಿನಿಂದ ಗಾಳಿಯ ಒತ್ತಡ ಬೇಕು, ಆ ಒತ್ತಡ ಬರುವುದು ಲೋಡಿನಲ್ಲಿ. ಸ್ಲೋದಲ್ಲಿ ಓಡಿದರೆ ಗೋಡೆ ಕನ್ನಡಿಯಂತೆ ನುಣುಪಾಗುತ್ತದೆ. ನುಣುಪಾದ ಮೇಲೆ ರಿಂಗ್ ಕೂರುವುದಿಲ್ಲ, ಆಯಿಲ್ ತಿನ್ನುವುದು ಹೊಸ ಇಂಜಿನ್ನಿನಲ್ಲೂ ಹಾಗೇ ಉಳಿಯುತ್ತದೆ. ಸೋರಿಕೆ, ಆಯಿಲ್ ಪ್ರೆಷರ್ ನೋಡಿಕೊಂಡು ಇಂಜಿನ್ ಬಿಸಿಯಾಗುವ ತನಕ ಓಡಿಸಿ, ಆಮೇಲೆ ಮಧ್ಯಮ ಲೋಡ್ ಹಾಕಿ ರಸ್ತೆಗೆ ಇಳಿಸಿ. ಪೂರ್ತಿ ಎಳೆತ ಬೇಡ, ಒಂದೇ ವೇಗವೂ ಬೇಡ. ಮೊದಲ ಆಯಿಲ್ಲನ್ನು ಬೇಗ ಬದಲಿಸಿ, ಅದರಲ್ಲಿ ಸವೆದ ಲೋಹದ ಪುಡಿ ಇರುತ್ತದೆ.